ಸಂಜ್ಞೆಯ ಉದ್ದ, ಅರ್ಥದ ಹೊಣೆ: ತಂತ್ರಾಂಶ ವಿಭಾಗಗಳ ನಾಮಕರಣ ನಿಯಮಾವಳಿಗಳ ಒಂದು ವಿಮರ್ಶೆ

ಸಾರಾಂಶ

ತಂತ್ರಾಂಶ ವಿಭಾಗಗಳು ತಮ್ಮ ಪ್ರೋಗ್ರಾಂಗಳಿಗೂ ಅವುಗಳ ಒಳಘಟಕಗಳಿಗೂ ಹೆಸರಿಡಲು ರೂಪಿಸಿಕೊಳ್ಳುವ ನಿಯಮಾವಳಿಗಳನ್ನು ಭಾಷಾಯೋಜನೆಯ ಪಠ್ಯಗಳೆಂದು ಪರಿಗಣಿಸಿ ಈ ಲೇಖನವು ವಿಮರ್ಶಿಸುತ್ತದೆ. ಮೇನ್‌ಫ್ರೇಮ್ ಗಣಕಗಳ ಎಂಟು ಸ್ಥಾನಗಳ ಹೆಸರು, ಹಂಗೇರಿಯನ್ ಸಂಕೇತನ, ಪೈಥಾನ್ ಭಾಷೆಯ ಶೈಲಿಸೂತ್ರ ಮತ್ತು ಪವರ್‌ಶೆಲ್‌ನ ಕ್ರಿಯಾಪದಗಳ ಪಟ್ಟಿ ಇವನ್ನು, ಕನ್ನಡ ವ್ಯಾಕರಣದ ರೂಢ, ಅನ್ವರ್ಥ, ಅಂಕಿತ ಎಂಬ ವಿಭಾಗಕ್ರಮವನ್ನೂ ಸಂಜ್ಞೆಯ ಉದ್ದವನ್ನು ಕುರಿತ ಪಾಣಿನೀಯ ಪರಂಪರೆಯ ಚರ್ಚೆಯನ್ನೂ ಆಧರಿಸಿ ಪರಿಶೀಲಿಸಲಾಗಿದೆ. ಈ ನಿಯಮಾವಳಿಗಳು ಹೆಸರಿನ ರೂಪವನ್ನು ಶಾಸನಬದ್ಧಗೊಳಿಸಿ ಅರ್ಥದ ಹೊಣೆಯನ್ನು ಯಾರಿಗೂ ವಹಿಸದೆ ಬಿಡುತ್ತವೆ ಎಂಬುದು ಇಲ್ಲಿನ ಮುಖ್ಯ ವಾದ. ಕನ್ನಡದ ಪದಗಳು ಪ್ರೋಗ್ರಾಂಗಳೊಳಗೆ ಪ್ರವೇಶಿಸುವಾಗ ಈ ಕೊರತೆ ಹೇಗೆ ಇಮ್ಮಡಿಯಾಗುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ತೋರಿಸಲಾಗಿದೆ.

ಕೀಲಿಪದಗಳು: ನಾಮಕರಣ, ಸಂಜ್ಞೆ, ಅನ್ವರ್ಥನಾಮ, ಅಂಕಿತನಾಮ, ಭಾಷಾಯೋಜನೆ, ಯೂನಿಕೋಡ್, ಕನ್ನಡ

1. ಪ್ರವೇಶ

ಗೆಳೆಯರೊಬ್ಬರು ತಾವು ದುಡಿಯುವ ತಂತ್ರಾಂಶ ವಿಭಾಗದ ನಾಮಕರಣ ನಿಯಮಾವಳಿಯ ಕರಡನ್ನು ನನ್ನ ಮುಂದಿಟ್ಟು, "ನೀವು ಭಾಷಾವಿಜ್ಞಾನದವರು, ಒಮ್ಮೆ ಕಣ್ಣಾಡಿಸಿ ಕೊಡಿ" ಎಂದರು. ಹದಿನಾಲ್ಕು ಪುಟಗಳ ಆ ಕರಡಿನಲ್ಲಿ ಹನ್ನೊಂದು ಪುಟಗಳು ದೊಡ್ಡಕ್ಷರ ಎಲ್ಲಿ ಬರಬೇಕು, ಸಣ್ಣಕ್ಷರ ಎಲ್ಲಿ ಬರಬೇಕು, ಅಡಿಗೆರೆ ಸಲ್ಲುತ್ತದೆಯೇ ಇಲ್ಲವೇ, ಹೆಸರಿನ ಗರಿಷ್ಠ ಉದ್ದ ಎಷ್ಟು ಎಂಬುದಕ್ಕೇ ಮೀಸಲಾಗಿದ್ದವು. ಹೆಸರು ಏನನ್ನು ಹೇಳಬೇಕು ಎಂಬ ಬಗ್ಗೆ ಇದ್ದುದು ಒಂದೇ ವಾಕ್ಯ: ಹೆಸರು ಅರ್ಥಪೂರ್ಣವಾಗಿರತಕ್ಕದ್ದು. ಇಟ್ಟ ಹೆಸರು ಮುಂದೊಂದು ದಿನ ಸುಳ್ಳಾದರೆ ಅದನ್ನು ಗುರುತಿಸಿ ತಿದ್ದುವವರು ಯಾರು ಎಂಬ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ.

ಈ ಅನುಪಾತ ಆ ಒಂದು ಕರಡಿನ ದೋಷವಲ್ಲ. ಸಾರ್ವಜನಿಕವಾಗಿ ಲಭ್ಯವಿರುವ ಪ್ರಸಿದ್ಧ ನಿಯಮಾವಳಿಗಳಲ್ಲಿ ಬಹುಪಾಲಿನವೂ ಇದೇ ಜಾಡಿನವು. ಭಾಷಾವಿಜ್ಞಾನಿಗಳು ಈ ಪಠ್ಯಗಳತ್ತ ನೋಡದಿರುವುದಕ್ಕೆ ಕಾರಣ ಸುಲಭವಾಗಿ ಊಹಿಸಬಹುದಾದದ್ದೇ: ಅವು ತಾಂತ್ರಿಕ ಕೈಪಿಡಿಗಳ ವೇಷದಲ್ಲಿವೆ. ಆದರೆ ಡೈಸೆನ್‌ಬೊಕ್ ಮತ್ತು ಪಿಜ್ಕಾ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ದೊಡ್ಡ ತಂತ್ರಾಂಶವೊಂದರ ಮೂಲಪಠ್ಯದಲ್ಲಿ ಸುಮಾರು 70% ಭಾಗವನ್ನು ಆಕ್ರಮಿಸಿಕೊಂಡಿರುವುದು ಅದನ್ನು ಬರೆದವರು ಇಟ್ಟ ಹೆಸರುಗಳೇ. ಗಣಕಭಾಷೆಯ ಕಾಯ್ದಿಟ್ಟ ಪದಗಳು ಅಲ್ಪಸಂಖ್ಯಾತ. ಹೆಸರುಗಳನ್ನು ಯಂತ್ರವು ಅರ್ಥಕ್ಕಾಗಿ ಓದುವುದಿಲ್ಲ. ಅದಕ್ಕೆ ಎರಡು ಹೆಸರುಗಳು ಒಂದೇ ಅಥವಾ ಬೇರೆ ಎಂಬುದಷ್ಟೇ ಮುಖ್ಯ. ಅರ್ಥಕ್ಕಾಗಿ ಓದುವವರು ಮನುಷ್ಯರು, ಅದರಲ್ಲಿಯೂ ಬಹುಮಟ್ಟಿಗೆ ಆ ಹೆಸರನ್ನು ಇಟ್ಟವರಲ್ಲದ, ಹಲವು ವರ್ಷಗಳ ಅನಂತರ ಬರುವ ಮನುಷ್ಯರು. ಆದ್ದರಿಂದ ನಾಮಕರಣ ನಿಯಮಾವಳಿಯು ಒಂದು ಪುಟ್ಟ ಭಾಷಾಸಮುದಾಯಕ್ಕೆ ಬರೆದ ಭಾಷಾನೀತಿ. ಅದನ್ನು ಹಾಗೆಯೇ ಓದಿ ಅದರ ಬಲಾಬಲಗಳನ್ನು ತೂಗಬೇಕಾಗುತ್ತದೆ.

2. ಎಂಟು ಸ್ಥಾನಗಳ ಶಾಸನ

ಇತಿಹಾಸದ ದೃಷ್ಟಿಯಿಂದ ಮೊದಲ ನಿಯಮಾವಳಿಗಳನ್ನು ಬರೆದದ್ದು ಯಂತ್ರ. ಐಬಿಎಂ 704 ಗಣಕದ ಒಂದು ಪದಕ್ಕೆ 36 ಬಿಟ್‌ಗಳು. 6 ಬಿಟ್‌ಗಳಿಗೆ ಒಂದರಂತೆ ಅದರಲ್ಲಿ ಆರು ಸಂಕೇತಗಳು ಹಿಡಿಸುತ್ತಿದ್ದವು. ಫೋರ್ಟ್ರಾನ್ ಭಾಷೆಯಲ್ಲಿ ಹೆಸರು ಆರು ಸ್ಥಾನಗಳನ್ನು ಮೀರುವಂತಿರಲಿಲ್ಲ, ಮತ್ತು ಈ ಮಿತಿ 1977ರ ಮಾನಕದಲ್ಲಿಯೂ ಉಳಿಯಿತು. ಸಿ ಭಾಷೆಯ 1989ರ ಮಾನಕವೂ ಹೊರಗೆ ಕಾಣುವ ಹೆಸರುಗಳಲ್ಲಿ ಮೊದಲ ಆರು ಸ್ಥಾನಗಳಿಗೆ ಮಾತ್ರ ಭರವಸೆ ನೀಡಿತು. ಮೇನ್‌ಫ್ರೇಮ್ ಗಣಕಗಳ ಪ್ರೋಗ್ರಾಂ ಸಂಗ್ರಹಗಳಲ್ಲಿ ಒಂದು ಸದಸ್ಯಕಡತದ ಹೆಸರಿಗೆ ಇಂದಿಗೂ ಎಂಟೇ ಸ್ಥಾನಗಳು.

ಇಲ್ಲಿ ಒಂದು ವೈದೃಶ್ಯ ಗಮನಾರ್ಹ. ಕೋಬಾಲ್ ಭಾಷೆ ತನ್ನ ಮೊದಲ ಆವೃತ್ತಿಯಿಂದಲೇ ಪ್ರೋಗ್ರಾಮಿನ ಒಳಗಿನ ದತ್ತಾಂಶಗಳಿಗೆ 30 ಸ್ಥಾನಗಳ, ಅಡ್ಡಗೆರೆಯಿಂದ ಜೋಡಿಸಿದ ಹೆಸರುಗಳನ್ನು ಒಪ್ಪಿತು. ಹೀಗಾಗಿ ಒಳಗೆ 'ತಿಂಗಳ-ಬಡ್ಡಿ-ಮೊತ್ತ' ಎಂಬರ್ಥದ ಮಾತುಗಾರ ಹೆಸರುಗಳು ಓಡಾಡುತ್ತಿದ್ದರೂ, ಆ ಪ್ರೋಗ್ರಾಮಿನ ಸ್ವಂತ ಹೆಸರು ಹೊರಗಿನವರಿಗೆ ಮೂಕ. ವಿವರಣೆಗಾಗಿ ನಾನೇ ಕಟ್ಟಿದ ಒಂದು ಹೆಸರನ್ನು ನೋಡೋಣ: ಎಲ್‌ಎನ್‌ಬಿ0420. ಮಾದರಿಯೇನೋ ಮೇನ್‌ಫ್ರೇಮ್ ವಿಭಾಗಗಳಲ್ಲಿ ದುಡಿದವರಿಗೆ ಪರಿಚಿತವೇ. ಮೊದಲ ಎರಡು ಸ್ಥಾನ ಸಾಲವಿಭಾಗಕ್ಕೆ, ಮೂರನೆಯದು ಸರದಿಯ ಮೇಲೆ ರಾತ್ರಿ ಓಡುವ ಬಗೆಯದು ಎಂಬುದಕ್ಕೆ, ಉಳಿದ ನಾಲ್ಕು ಕ್ರಮಸಂಖ್ಯೆಗೆ.

ಕನ್ನಡ ವ್ಯಾಕರಣವು ವಸ್ತುವಾಚಕ ನಾಮಗಳನ್ನು ಮೂರಾಗಿ ವಿಂಗಡಿಸುತ್ತದೆ. ಪರಂಪರೆಯಿಂದ ಬಂದದ್ದು ರೂಢನಾಮ. ಅರ್ಥಕ್ಕೆ ಅನುಗುಣವಾಗಿ ಬಂದದ್ದು ಅನ್ವರ್ಥನಾಮ. ಗುರುತಿಗಾಗಿ ಇಟ್ಟದ್ದು ಅಂಕಿತನಾಮ. ಈ ವಿಭಾಗವನ್ನು ಅನ್ವಯಿಸಿದರೆ, ಮೇಲಿನ ಹೆಸರಿನ ಪೂರ್ವಾರ್ಧ ಅನ್ವರ್ಥ, ಉತ್ತರಾರ್ಧ ಅಂಕಿತ. ಒಂದೇ ಹೆಸರಿನೊಳಗೆ ಎರಡು ವಿರುದ್ಧ ಸ್ವಭಾವಗಳನ್ನು ಹೊಲಿಯಲಾಗಿದೆ. ಅಂಕಿತಭಾಗ ಏನನ್ನೂ ಹೇಳುವುದಿಲ್ಲವಾದ್ದರಿಂದ ಅದು ಸುಳ್ಳಾಗುವ ಪ್ರಶ್ನೆಯೇ ಇಲ್ಲ. ಅನ್ವರ್ಥಭಾಗಕ್ಕೆ ಆ ಸೌಲಭ್ಯವಿಲ್ಲ. ಸಾಲವಿಭಾಗವು ಗೃಹಸಾಲ ಮತ್ತು ಕೃಷಿಸಾಲ ಎಂದು ಇಬ್ಭಾಗವಾದಾಗ, ರಾತ್ರಿಯ ಕೆಲಸ ಹಗಲಿಗೆ ಬಂದಾಗ, ಆ ಮೂರು ಸ್ಥಾನಗಳು ಹಳೆಯ ಲೋಕವನ್ನೇ ಹೇಳುತ್ತ ಉಳಿಯುತ್ತವೆ. ಬದಲಿಸೋಣವೆಂದರೆ ಆ ಹೆಸರನ್ನು ಕರೆಯುವ ನೂರಾರು ಕಾರ್ಯಸೂಚಿಗಳು ಅಡ್ಡ ಬರುತ್ತವೆ.

ನಮ್ಮ ಹಳ್ಳಿಗಳ ಹೊಲಗಳು ಈ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ನಿಭಾಯಿಸಿವೆ. ಒಂದೇ ಹೊಲಕ್ಕೆ ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದೆ, ಊರವರ ಬಾಯಲ್ಲಿ 'ಹುಣಸೆಮರದ ಹೊಲ' ಎಂಬ ಹೆಸರಿರುತ್ತದೆ. ಸರ್ವೆ ನಂಬರ್ ಹೊಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಲ ಪಾಲಾದಾಗ ಹಿಸ್ಸಾ ಸಂಖ್ಯೆ ಸೇರುತ್ತದೆಯೇ ಹೊರತು ಮೂಲಸಂಖ್ಯೆ ಅಳಿಯುವುದಿಲ್ಲ. ಬಾಯಿಮಾತಿನ ಹೆಸರು ಹೊಲವನ್ನು ಗುರುತು ಹಿಡಿಯಲು ಸಹಾಯಮಾಡುತ್ತದೆ. ಮರ ಕಡಿದ ಮೇಲೂ ಹೆಸರು ಉಳಿದರೆ ಅದು ಅನ್ವರ್ಥದಿಂದ ರೂಢಕ್ಕೆ ಸರಿಯಿತು ಎಂದರ್ಥ. ಊರವರು ಇದರಿಂದ ಮೋಸಹೋಗುವುದಿಲ್ಲ, ಏಕೆಂದರೆ ಮರ ಇಲ್ಲವೆಂಬುದು ಅವರಿಗೆ ಗೊತ್ತು. ಪ್ರೋಗ್ರಾಮನ್ನು ಓದುವ ಹೊಸಬರಿಗೆ ಮರ ಇದೆಯೇ ಇಲ್ಲವೇ ಎಂಬುದು ಹೆಸರಿನಿಂದಲೇ ತಿಳಿಯಬೇಕು. ಎಂಟು ಸ್ಥಾನಗಳ ಶಾಸನದ ನಿಜವಾದ ದೋಷ ಅದರ ಗಿಡ್ಡತನವಲ್ಲ. ಸರ್ವೆ ನಂಬರನ್ನೂ ಹುಣಸೆಮರವನ್ನೂ ಒಂದೇ ಹೆಸರಿನಲ್ಲಿ ತುರುಕಿದ್ದು.

3. ಲಘುಸಂಜ್ಞೆ ಮತ್ತು ಮಹಾಸಂಜ್ಞೆ

ಗಿಡ್ಡ ಹೆಸರು ತನ್ನಷ್ಟಕ್ಕೆ ದೋಷವಲ್ಲ ಎಂಬುದಕ್ಕೆ ನಮ್ಮ ಶಾಸ್ತ್ರಪರಂಪರೆಯಲ್ಲಿಯೇ ಪ್ರಬಲ ನಿದರ್ಶನವಿದೆ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ 'ಟಿ', 'ಘು', 'ಭ' ಎಂಬಂಥ ಏಕಾಕ್ಷರ ಸಂಜ್ಞೆಗಳಿವೆ. 'ಘು' ಎಂದರೆ 'ದಾ', 'ಧಾ' ರೂಪದ ಧಾತುಗಳು. ಆ ಧ್ವನಿಗೂ ಆ ಧಾತುಗಳಿಗೂ ಯಾವ ಅರ್ಥಸಂಬಂಧವೂ ಇಲ್ಲ. ಇವು ಶುದ್ಧ ಅಂಕಿತಗಳು. ಸಂಜ್ಞೆಯ ಪ್ರಯೋಜನವೇ ಲಾಘವ ಎಂದ ಮೇಲೆ ಅದು ಚಿಕ್ಕದಾಗಿರುವುದು ಸಹಜ. ಸೂತ್ರದಲ್ಲಿ ಅದರ ಅರ್ಥವನ್ನು ಸ್ಪಷ್ಟವಾಗಿ ವಿಧಿಸಿರುವುದರಿಂದ ಓದುಗನು ಹೆಸರಿನಿಂದ ಅರ್ಥವನ್ನು ಊಹಿಸಲು ಹೋಗುವುದಿಲ್ಲ.

ಹಾಗಾದರೆ ಅದೇ ಪಾಣಿನಿ 'ಸರ್ವನಾಮ', 'ಅವ್ಯಯೀಭಾವ' ಎಂಬ ಉದ್ದನೆಯ ಸಂಜ್ಞೆಗಳನ್ನು ಏಕೆ ಬಳಸಿದ? ಮಹಾಭಾಷ್ಯದಲ್ಲಿ ಪತಂಜಲಿ ಎತ್ತುವ ಪ್ರಶ್ನೆ ಇದೇ. ಅವನ ಉತ್ತರದ ತಿರುಳು ಹೀಗೆ: ಲಾಘವವನ್ನು ಬಿಟ್ಟು ಮಹಾಸಂಜ್ಞೆಯನ್ನು ಮಾಡಿದ್ದರೆ, ಅದನ್ನು ಅನ್ವರ್ಥವೆಂದು ಗ್ರಹಿಸಲಿ ಎಂಬುದೇ ಅದರ ಉದ್ದೇಶ. 'ಸರ್ವನಾಮ' ಎಂದರೆ ಎಲ್ಲದರ ನಾಮ. ಆದ್ದರಿಂದ 'ಸರ್ವ' ಎಂಬುದು ಯಾರೋ ಒಬ್ಬನ ಹೆಸರಾಗಿ ಬಂದರೆ ಆ ಪ್ರಯೋಗಕ್ಕೆ ಸರ್ವನಾಮದ ಕಾರ್ಯಗಳು ಸಲ್ಲುವುದಿಲ್ಲ. ಇದಕ್ಕೆ ಬೇರೆ ನಿಷೇಧಸೂತ್ರ ಬೇಕಿಲ್ಲ. ಸಂಜ್ಞೆಯ ಅರ್ಥವೇ ಆ ಕೆಲಸವನ್ನು ಮಾಡುತ್ತದೆ.

ಈ ವಾದದಿಂದ ನಾಮಕರಣ ನಿಯಮಾವಳಿಗಳನ್ನು ಪರೀಕ್ಷಿಸಬಲ್ಲ ಒಂದು ಒರೆಗಲ್ಲು ದೊರೆಯುತ್ತದೆ. ಹೆಸರಿನ ಉದ್ದ ಎಂಬುದು ಒಂದು ವೆಚ್ಚ. ಆ ವೆಚ್ಚವನ್ನು ಮಾಡಿದ ಹೆಸರು ತನ್ನ ಅರ್ಥದಿಂದ ಏನನ್ನಾದರೂ ಒಳಗೊಳ್ಳಬೇಕು, ಏನನ್ನಾದರೂ ಹೊರಗಿಡಬೇಕು. ಹಾಗೆ ಮಾಡದ ಉದ್ದ ಹೆಸರು ಲಘುಸಂಜ್ಞೆಗಿಂತ ಅಪಾಯಕಾರಿ, ಏಕೆಂದರೆ ಲಘುಸಂಜ್ಞೆಯು ಓದುಗನನ್ನು ವ್ಯಾಖ್ಯೆಯತ್ತ ಕಳುಹಿಸುತ್ತದೆ. ಸುಳ್ಳು ಮಹಾಸಂಜ್ಞೆಯು ವ್ಯಾಖ್ಯೆ ಬೇಕಿಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. 'ಖಾತೆ ಪರಿಶೀಲಿಸು' ಎಂಬ ಹೆಸರಿನ ಪ್ರೋಗ್ರಾಂ ಖಾತೆಯನ್ನು ಪರಿಶೀಲಿಸುವುದರ ಜೊತೆಗೆ ತಿದ್ದುಪಡಿಯನ್ನೂ ಮಾಡುತ್ತಿದ್ದರೆ, ಆ ಹೆಸರನ್ನು ನಂಬಿದವನ ಕೈಯಿಂದ ದತ್ತಾಂಶ ಕೆಡುತ್ತದೆ. 'ಘು' ಎಂಬ ಹೆಸರಿದ್ದಿದ್ದರೆ ಅವನು ಒಳಗೆ ಇಣುಕಿ ನೋಡುತ್ತಿದ್ದ.

4. ಪೂರ್ವಪದದ ಪಾಡು

ರೂಪದ ಮೂಲಕವೇ ಅರ್ಥವನ್ನು ಶಾಸನಕ್ಕೆ ಒಳಪಡಿಸಲು ಹೊರಟ ಧೀರ ಪ್ರಯತ್ನ ಹಂಗೇರಿಯನ್ ಸಂಕೇತನ. ಹಂಗೇರಿ ಮೂಲದ ಚಾರ್ಲ್ಸ್ ಸಿಮೋನಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಇದನ್ನು ರೂಪಿಸಿ, ಅನಂತರ ಮೈಕ್ರೋಸಾಫ್ಟ್‌ಗೆ ಕೊಂಡೊಯ್ದರು. ಹಂಗೇರಿಯನ್ನರಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಅನಂತರ. ಹಾಗೆಯೇ ಇಲ್ಲಿ ದತ್ತಾಂಶದ 'ಜಾತಿ'ಯನ್ನು ಸೂಚಿಸುವ ಗಿಡ್ಡ ಪೂರ್ವಪದ ಮೊದಲು ಬರುತ್ತದೆ. ಬಾಂಟು ಭಾಷೆಗಳ ನಾಮವರ್ಗ ಪೂರ್ವಪ್ರತ್ಯಯಗಳನ್ನು ಬಲ್ಲವರಿಗೆ ಇದರ ಆಕರ್ಷಣೆ ತಟ್ಟನೆ ಹೊಳೆಯುತ್ತದೆ.

ಸಿಮೋನಿಯವರ ಮೂಲ ಆಶಯದಲ್ಲಿ ಜಾತಿ ಎಂದರೆ ಆ ದತ್ತಾಂಶ ವಹಿಸುವ ಪಾತ್ರ. ಕೋಷ್ಟಕವೊಂದರ ಅಡ್ಡಸಾಲಿನ ಸಂಖ್ಯೆಯೂ ಕಂಬಸಾಲಿನ ಸಂಖ್ಯೆಯೂ ಯಂತ್ರದ ಕಣ್ಣಿಗೆ ಪೂರ್ಣಾಂಕಗಳೇ. ಆದರೆ ಒಂದನ್ನು ಇನ್ನೊಂದಕ್ಕೆ ಕೂಡುವುದು ಅಸಂಬದ್ಧ. ಪೂರ್ವಪದಗಳು ಬೇರೆಯಾಗಿದ್ದರೆ ಆ ಅಸಂಬದ್ಧತೆ ಓದಿನಲ್ಲಿಯೇ ಕಣ್ಣಿಗೆ ಹೊಡೆಯುತ್ತದೆ. ಮುಂದೆ ಈ ಪದ್ಧತಿ ಹರಡಿದಂತೆ ಜಾತಿಯನ್ನು ಯಂತ್ರದ ಸಂಗ್ರಹಪ್ರಕಾರ ಎಂದು ಸಂಕುಚಿಸಲಾಯಿತು: ಇದು ಇಷ್ಟು ಬಿಟ್‌ಗಳ ಸಂಖ್ಯೆ, ಇದು ಅಕ್ಷರಸರಣಿ ಎಂಬಷ್ಟಕ್ಕೆ. ಯಂತ್ರ ತಾನಾಗಿಯೇ ಬಲ್ಲ ಸಂಗತಿಯನ್ನು ಹೆಸರು ಪುನರುಚ್ಚರಿಸತೊಡಗಿತು. ಯಂತ್ರ ಅರಿಯದ, ಮನುಷ್ಯನಿಗೆ ಬೇಕಾದ ಪಾತ್ರಭೇದ ಹೆಸರಿನಿಂದ ಕಳಚಿಹೋಯಿತು.

ಇದರ ಫಲಕ್ಕೆ ವಿಂಡೋಸ್ ವ್ಯವಸ್ಥೆಯ 'ಡಬ್ಲ್ಯೂ ಪ್ಯಾರಾಂ' ಎಂಬ ಹೆಸರು ಸಾಕ್ಷಿ. ಅದರ ಮೊದಲಕ್ಷರ 16 ಬಿಟ್‌ಗಳ ಯಂತ್ರಪದವನ್ನು ಸೂಚಿಸುತ್ತಿತ್ತು. ವ್ಯವಸ್ಥೆ 32 ಬಿಟ್‌ಗಳಿಗೆ, ಅನಂತರ 64 ಬಿಟ್‌ಗಳಿಗೆ ಬೆಳೆದಾಗ ವಸ್ತು ಬದಲಾಯಿತು. ಹೆಸರು ಬದಲಾಗಲಿಲ್ಲ, ಏಕೆಂದರೆ ಲೋಕದ ಲೆಕ್ಕವಿಲ್ಲದಷ್ಟು ಪ್ರೋಗ್ರಾಂಗಳು ಆ ಹೆಸರನ್ನೇ ಅವಲಂಬಿಸಿದ್ದವು. ಹುಣಸೆಮರ ಹೋಗಿ ಹೊಲ ಉಳಿದ ಕಥೆ ಇದೇ. ಮೈಕ್ರೋಸಾಫ್ಟ್ ಸಂಸ್ಥೆಯೇ ಮುಂದೆ ಡಾಟ್‌ನೆಟ್ ಚೌಕಟ್ಟಿನ ಮಾರ್ಗಸೂಚಿಯಲ್ಲಿ ಈ ಸಂಕೇತನವನ್ನು ಬಳಸಬಾರದೆಂದು ವಿಧಿಸಿತು. ನನ್ನ ದೃಷ್ಟಿಯಲ್ಲಿ ಈ ತೀರ್ಪು ಅರ್ಧ ಮಾತ್ರ ನ್ಯಾಯವಾದದ್ದು. ಸೋತದ್ದು ಪೂರ್ವಪದವಲ್ಲ, ಅದರ ಅರ್ಥವನ್ನು ಕಾಯುವವರಿಲ್ಲದ ಸ್ಥಿತಿ.

ಹೆಸರು ಬದಲಿಸುವ ಸಲಕರಣೆಗಳು ಈಗ ಎಲ್ಲರ ಕೈಯಲ್ಲಿಯೂ ಇರುವುದರಿಂದ ಇದು ಹಳೆಯ ಕಾಲದ ತೊಡಕು ಎಂಬ ಆಕ್ಷೇಪ ಬರಬಹುದು. ವಿಭಾಗದ ಗಡಿಯೊಳಗಿನ ಹೆಸರುಗಳ ಮಟ್ಟಿಗೆ ಆಕ್ಷೇಪ ಸರಿ. ಗಡಿ ದಾಟಿದ ಹೆಸರಿಗೆ ಅದು ಅನ್ವಯಿಸುವುದಿಲ್ಲ. ಜಾಲತಾಣಗಳ ನಡುವಣ ಸಂವಹನದಲ್ಲಿ, ಓದುಗ ಯಾವ ಪುಟದಿಂದ ಬಂದ ಎಂಬುದನ್ನು ತಿಳಿಸುವ 'ರೆಫರರ್' ಎಂಬ ಶೀರ್ಷಪದದ ಇಂಗ್ಲಿಷ್ ಕಾಗುಣಿತದಲ್ಲಿ ಒಂದು 'ಆರ್' ಕಡಿಮೆಯಿದೆ. 1996ರ ಮಾನಕಪತ್ರದಲ್ಲಿ ಹಾಗೆಯೇ ದಾಖಲಾದ ಆ ತಪ್ಪು ಇಂದಿಗೂ ವಿಧಿಬದ್ಧ ರೂಪವಾಗಿಯೇ ಚಾಲ್ತಿಯಲ್ಲಿದೆ. ತಪ್ಪೆಂದು ಎಲ್ಲರೂ ಬಲ್ಲ ರೂಪವನ್ನು ತಿದ್ದಲು ಯಾರಿಗೂ ಅಧಿಕಾರವಿಲ್ಲ. ರೂಢಿಯ ಬಲವೆಂದರೆ ಇದೇ.

5. ರೂಪದ ವಾದ, ಅರ್ಥದ ಮೌನ

ಪೈಥಾನ್ ಭಾಷೆಯ ಶೈಲಿಸೂತ್ರವಾದ ಪೆಪ್ 8, 2001ರಲ್ಲಿ ಪ್ರಕಟವಾದದ್ದು. ಇಂದು ಅತಿ ಹೆಚ್ಚು ಅನುಸರಿಸಲ್ಪಡುವ ನಿಯಮಾವಳಿಗಳಲ್ಲೊಂದು. ಫಂಕ್ಷನ್‌ಗಳ ಹೆಸರು ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ. ವರ್ಗಗಳ ಹೆಸರಿನಲ್ಲಿ ಪ್ರತಿ ಪದಕ್ಕೂ ದೊಡ್ಡಕ್ಷರದ ಆರಂಭ. ಹೊರಗಿನ ಬಳಕೆದಾರರಿಗೆ ಕಾಣುವ ಹೆಸರು ಒಳರಚನೆಯನ್ನಲ್ಲ, ಬಳಕೆಯನ್ನು ಪ್ರತಿಫಲಿಸಬೇಕು ಎಂಬ ಒಳ್ಳೆಯ ತತ್ತ್ವವನ್ನೂ ಅದು ಹೇಳುತ್ತದೆ. ಆದರೆ ಆ ತತ್ತ್ವಕ್ಕೆ ದೊರೆತಿರುವುದು ಒಂದು ವಾಕ್ಯ. ಮಿಕ್ಕ ಅಧ್ಯಾಯವೆಲ್ಲ ಅಕ್ಷರರೂಪದ್ದು.

ಅಡಿಗೆರೆ ಮೇಲೋ ನಡುವಿನ ದೊಡ್ಡಕ್ಷರ ಮೇಲೋ ಎಂಬ ವಾದ ಪ್ರಯೋಗಶಾಲೆಗಳಿಗೂ ಹೋಗಿ ಬಂದಿದೆ. 2009ರಲ್ಲಿ ಬಿಂಕ್ಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ನಡುವಿನ ದೊಡ್ಡಕ್ಷರದ ಶೈಲಿ ನಿಖರತೆಯಲ್ಲಿ ಮುಂದಿತ್ತು. 2010ರಲ್ಲಿ ಶರೀಫ್ ಮತ್ತು ಮಾಲೆಟಿಕ್ ಕಣ್ಣಿನ ಚಲನೆಯನ್ನು ಅಳೆದಾಗ ನಿಖರತೆಯಲ್ಲಿ ಭೇದ ಕಾಣಲಿಲ್ಲ, ವೇಗದಲ್ಲಿ ಅಡಿಗೆರೆಯೇ ಮುಂದಿತ್ತು. ಫಲಿತಾಂಶಗಳು ಹೀಗೆ ಇಬ್ಬಗೆಯಾಗಿರುವುದು ಅಚ್ಚರಿಯಲ್ಲ. ಡೇವಿಡ್ ಲೂಯಿಸ್ 1969ರ ತಮ್ಮ ಗ್ರಂಥದಲ್ಲಿ ವಿವರಿಸಿದ ಅರ್ಥದಲ್ಲಿ ಇದು ಶುದ್ಧ ಒಡಂಬಡಿಕೆ. ರಸ್ತೆಯ ಎಡಬದಿಯಲ್ಲಿ ಹೋಗುವುದೋ ಬಲಬದಿಯಲ್ಲೋ ಎಂಬುದರಂತೆ, ಯಾವುದಾದರೊಂದನ್ನು ಎಲ್ಲರೂ ಪಾಲಿಸಿದರೆ ಸಾಕು. ಇಂಥ ಪ್ರಶ್ನೆಗೆ ಅರ್ಧ ಗಂಟೆಯ ಸಭೆ ಸಾಕು, ಹನ್ನೊಂದು ಪುಟಗಳು ಬೇಕಿಲ್ಲ.

ಪದಗಳ ಆಯ್ಕೆ ಅಂಥ ಒಡಂಬಡಿಕೆಯಲ್ಲ ಎಂಬುದಕ್ಕೆ ಪ್ರಮಾಣಗಳು ಹೆಚ್ಚು ಗಟ್ಟಿಯಾಗಿವೆ. ಹೋಫ್‌ಮೈಸ್ಟರ್ ಮತ್ತು ಸಂಗಡಿಗರು 2017ರಲ್ಲಿ 72 ವೃತ್ತಿಪರರ ಮೇಲೆ ನಡೆಸಿದ ಅಧ್ಯಯನದಲ್ಲಿ, ಪೂರ್ಣಪದಗಳ ಹೆಸರಿದ್ದಾಗ ಒಂಟಿ ಅಕ್ಷರಗಳೂ ಸಂಕ್ಷೇಪಗಳೂ ಇದ್ದಾಗಿನದಕ್ಕಿಂತ ಗ್ರಹಿಕೆಯ ವೇಗ ಸರಾಸರಿ 19% ಹೆಚ್ಚಿತ್ತು. ಪೂರ್ಣಪದ ಬೇಕೆಂಬುದು ಸರಿ. ಆದರೆ ಯಾವ ಪದ? 1987ರಲ್ಲಿಯೇ ಫರ್ನಾಸ್ ಮತ್ತು ಸಂಗಡಿಗರು, ಒಂದೇ ವಸ್ತುವಿಗೆ ಇಬ್ಬರು ತಾವಾಗಿ ಒಂದೇ ಪದವನ್ನು ಆರಿಸುವ ಸಂಭವನೀಯತೆ 0.20ಕ್ಕಿಂತ ಕಡಿಮೆ ಎಂದು ತೋರಿಸಿದ್ದರು. ಫೈಟೆಲ್ಸನ್ ಮತ್ತು ಸಂಗಡಿಗರ ಈಚಿನ ಅಧ್ಯಯನದಲ್ಲಿ ಇಬ್ಬರು ತಂತ್ರಾಂಶಕಾರರು ಒಂದೇ ಹೆಸರನ್ನು ಆರಿಸುವ ಸಂಭವನೀಯತೆಯ ಮಧ್ಯಾಂಕ ಕೇವಲ 6.9%. ಆದರೆ ಒಬ್ಬರು ಆರಿಸಿದ ಹೆಸರು ಇತರ ಬಹುಪಾಲಿನವರಿಗೆ ಅರ್ಥವಾಗುತ್ತಿತ್ತು ಎಂಬುದನ್ನೂ ಅವರು ಕಂಡಿದ್ದಾರೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದಿದರೆ ನಿಯಮಾವಳಿಯ ಸರಿಯಾದ ಕಾರ್ಯಕ್ಷೇತ್ರ ಗೋಚರಿಸುತ್ತದೆ: ಜನರಿಗೆ ಒಳ್ಳೆಯ ಹೆಸರು ಇಡಲು ಬರುವುದಿಲ್ಲವೆಂಬುದು ಸಮಸ್ಯೆಯಲ್ಲ, ಒಂದೇ ವಸ್ತುವಿಗೆ ಹತ್ತು ಒಳ್ಳೆಯ ಹೆಸರುಗಳು ಹುಟ್ಟುತ್ತವೆ ಎಂಬುದು ಸಮಸ್ಯೆ.

ಡೈಸೆನ್‌ಬೊಕ್ ಮತ್ತು ಪಿಜ್ಕಾ ಇದಕ್ಕೆ ಸೂಚಿಸುವ ಪರಿಹಾರ ಒಂದು ಪರಿಕಲ್ಪನೆಗೆ ಒಂದೇ ಹೆಸರು, ಒಂದು ಹೆಸರಿಗೆ ಒಂದೇ ಪರಿಕಲ್ಪನೆ ಎಂಬ ಏಕೈಕ ಸಂಬಂಧ. ಸಮಾನಾರ್ಥಕಗಳೂ ನಾನಾರ್ಥಗಳೂ ಇಲ್ಲದ ಭಾಷೆ ಇರಲಾರದು ಎಂದು ಭಾಷಾವಿಜ್ಞಾನಿಗಳು ಇದನ್ನು ತಳ್ಳಿಹಾಕುವುದು ಸುಲಭ. ಹಾಗೆ ಮಾಡಬಾರದು. ಒಂದು ವಿಭಾಗದ ಶಬ್ದಭಂಡಾರ ಸೀಮಿತವಾದದ್ದು, ಉದ್ದೇಶಪೂರ್ವಕ ನಿರ್ಮಿತಿಗೆ ಒಗ್ಗುವಂಥದ್ದು. 2006ರಲ್ಲಿ ಬಿಡುಗಡೆಯಾದ ಪವರ್‌ಶೆಲ್ ಇದನ್ನು ಮಾಡಿ ತೋರಿಸಿದೆ. ಅಲ್ಲಿ ಪ್ರತಿ ಆದೇಶದ ಹೆಸರೂ ಒಂದು ಕ್ರಿಯಾಪದ ಮತ್ತು ಏಕವಚನದ ಒಂದು ನಾಮಪದ. ಕ್ರಿಯಾಪದವು ಅಂಗೀಕೃತ ಪಟ್ಟಿಯಿಂದಲೇ ಬರಬೇಕು. ಪಟ್ಟಿಯಲ್ಲಿ ಪ್ರತಿ ಕ್ರಿಯಾಪದಕ್ಕೂ ವ್ಯಾಖ್ಯೆಯಿದೆ. ಪಟ್ಟಿಯ ಹೊರಗಿನ ಕ್ರಿಯಾಪದ ಬಳಸಿದ ಘಟಕವನ್ನು ಬರಮಾಡಿಕೊಳ್ಳುವಾಗ ವ್ಯವಸ್ಥೆ ಎಚ್ಚರಿಕೆ ನೀಡುತ್ತದೆ. ನಾನು ಪರಿಶೀಲಿಸಿದ ನಿಯಮಾವಳಿಗಳಲ್ಲಿ ಅರ್ಥದ ಹೊಣೆಯನ್ನು ಒಂದು ಪಟ್ಟಿಗೂ ಒಂದು ಕಾವಲಿಗೂ ಒಪ್ಪಿಸಿದ್ದು ಇದೊಂದೇ. ನಾಮಪದಗಳನ್ನು ಮಾತ್ರ ಅದು ಮುಕ್ತವಾಗಿ ಬಿಟ್ಟಿದೆ. ಅವು ಆಯಾ ವಿಭಾಗದ ಲೋಕಕ್ಕೆ ಸೇರಿದವು. ಅವುಗಳ ಪಟ್ಟಿಯನ್ನು ವಿಭಾಗವೇ ಮಾಡಿಕೊಳ್ಳಬೇಕು.

6. ಕನ್ನಡದ ಪದ ಪ್ರೋಗ್ರಾಮಿನೊಳಗೆ

ಆ ಲೋಕದ ನಾಮಪದಗಳು ಕನ್ನಡದವಾಗಿದ್ದಾಗ ಏನಾಗುತ್ತದೆ? ಭೂದಾಖಲೆಯ ತಂತ್ರಾಂಶದಲ್ಲಿ ಪಹಣಿ, ಖಾತೆ, ಹಿಸ್ಸಾ, ಪೋಡಿ ಎಂಬ ಪದಗಳಿಗೆ ಇಂಗ್ಲಿಷಿನಲ್ಲಿ ನಿಖರ ಸಮಾನಪದಗಳಿಲ್ಲ. ಪೆಪ್ 8 ತನ್ನ ಪ್ರಮಾಣಿತ ಸಂಗ್ರಹದಲ್ಲಿ ಸಾಧ್ಯವಿದ್ದಲ್ಲೆಲ್ಲ ಇಂಗ್ಲಿಷ್ ಪದಗಳನ್ನೇ ಬಳಸಲು ವಿಧಿಸುತ್ತದೆ. ನಿಮ್ಮ ಭಾಷೆ ತಿಳಿಯದವರು ಎಂದಿಗೂ ಓದುವುದಿಲ್ಲವೆಂಬ ಭರವಸೆ 120% ಇದ್ದಲ್ಲದೆ ಟಿಪ್ಪಣಿಗಳನ್ನೂ ಇಂಗ್ಲಿಷಿನಲ್ಲೇ ಬರೆಯಿರಿ ಎನ್ನುತ್ತದೆ. ಲೋಕಕ್ಕೆಲ್ಲ ಹಂಚುವ ಸಂಗ್ರಹಕ್ಕೆ ಈ ನೀತಿ ಸಮಂಜಸ. ತಾಲ್ಲೂಕು ಕಚೇರಿಯ ಕೆಲಸಕ್ಕಾಗಿ ಬರೆದ ಪ್ರೋಗ್ರಾಮಿನಲ್ಲಿ 'ಪೋಡಿ'ಯನ್ನು ಇಂಗ್ಲಿಷಿನ ಯಾವುದೋ ಸಾಮಾನ್ಯ 'ವಿಭಜನೆ'ಯಾಗಿಸಿದರೆ, ಪತಂಜಲಿಯ ಒರೆಗಲ್ಲಿನಲ್ಲಿ ಆ ಹೆಸರು ನಿಲ್ಲುವುದಿಲ್ಲ. ಅದು ಹೊರಗಿಡಬೇಕಾದುದನ್ನು ಹೊರಗಿಡುವುದಿಲ್ಲ.

ಉಳಿದ ದಾರಿಗಳು ಎರಡು. ಮೊದಲನೆಯದು ರೋಮನ್ ಲಿಪಿಯಲ್ಲಿ ಕನ್ನಡ. ಇಲ್ಲಿ ಲಿಪ್ಯಂತರದ ನಿಯಮವಿಲ್ಲದಿರುವುದೇ ತೊಡಕು. ಬೆಂಗಳೂರಿನಲ್ಲಿ 'ಖಾತಾ' ಎಂಬ ಪದವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ 'ಎಚ್' ಅಕ್ಷರವನ್ನು ಕೆಲವರು 'ಕೆ'ಯ ಪಕ್ಕದಲ್ಲಿಯೂ ಕೆಲವರು 'ಟಿ'ಯ ಪಕ್ಕದಲ್ಲಿಯೂ ಇಡುತ್ತಾರೆ. ಮೊದಲಿನವರಿಗೆ ಅದು ಮಹಾಪ್ರಾಣದ ಗುರುತು. ಎರಡನೆಯವರಿಗೆ, ದಕ್ಷಿಣ ಭಾರತದ ರೂಢಿಯಂತೆ, 'ತ'ಕಾರವನ್ನು 'ಟ'ಕಾರದಿಂದ ಬೇರ್ಪಡಿಸುವ ಗುರುತು. ಎರಡನೆಯ ರೂಪವನ್ನು 'ಕಥಾ' ಎಂದೂ ಓದಬಹುದು. ಇಬ್ಬರೂ ತಮ್ಮ ತಮ್ಮ ಪದ್ಧತಿಯಲ್ಲಿ ಸರಿ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಹೆಸರುಗಳು. 2001ರ ಐಎಸ್‌ಒ 15919 ಮಾನಕವು ಅಕ್ಷರಗಳ ಮೇಲೂ ಕೆಳಗೂ ಗುರುತುಗಳನ್ನು ಬೇಡುವುದರಿಂದ ಇಲ್ಲಿ ಒದಗುವುದಿಲ್ಲ. ಐಟ್ರಾನ್ಸ್ ಪದ್ಧತಿ 'ತ', 'ಟ'ಗಳ ಭೇದವನ್ನು ಸಣ್ಣಕ್ಷರ, ದೊಡ್ಡಕ್ಷರಗಳಿಂದ ತೋರಿಸುತ್ತದೆ. ಅಲ್ಲಿ ಅಕ್ಷರದ ಗಾತ್ರ ಧ್ವನಿಮಾವಾಚಕ. ಪ್ರೋಗ್ರಾಂಗಳಲ್ಲಿ ಅದು ಪದಗಡಿಯ ಗುರುತು. ಒಂದೇ ಚಿಹ್ನೆಯ ಮೇಲೆ ಎರಡು ಹೊರೆ ಹೊರಿಸಲಾಗದು.

ಎರಡನೆಯದು ಕನ್ನಡ ಲಿಪಿಯೇ. 2007ರ ಪೆಪ್ 3131ರ ಫಲವಾಗಿ ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನು ಒಪ್ಪುತ್ತದೆ. 'ಒ'ಕಾರದಂಥ ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಬೆರಳಚ್ಚಿಸಿದರೂ ಇಡಿಯಾಗಿ ಬೆರಳಚ್ಚಿಸಿದರೂ ಅದು ಸಮೀಕರಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಹಾಗೆ ಮಾಡುವುದಿಲ್ಲವಾದ್ದರಿಂದ ಅಲ್ಲಿ ಕಣ್ಣಿಗೆ ಒಂದೇ ಆದ ಎರಡು ಹೆಸರುಗಳು ಬೇರೆಯಾಗಬಹುದು. ಇನ್ನೊಂದೆಡೆ, ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಸಂಕೇತವನ್ನು ಜಾವಾಸ್ಕ್ರಿಪ್ಟ್ ಒಪ್ಪುತ್ತದೆ, ಪೈಥಾನ್ ಒಪ್ಪುವುದಿಲ್ಲ. 'ಬ್ಯಾಂಕ್‌ಖಾತೆ' ಎಂಬುದನ್ನು ಅಲ್ಲಿ 'ಬ್ಯಾಂಕ್ಖಾತೆ' ಎಂದೇ ಬರೆಯಬೇಕು, ಇಲ್ಲವೇ ನಡುವೆ ಅಡಿಗೆರೆ ಹಾಕಬೇಕು.

ಗೋ ಭಾಷೆಯ ಸ್ಥಿತಿ ಇನ್ನೂ ವಿಲಕ್ಷಣ. ಅದು ಹೆಸರಿನಲ್ಲಿ ಯೂನಿಕೋಡ್ ಅಕ್ಷರಗಳನ್ನೂ ಅಂಕಿಗಳನ್ನೂ ಅಡಿಗೆರೆಯನ್ನೂ ಒಪ್ಪುತ್ತದೆ, ಸಂಯೋಜಕ ಚಿಹ್ನೆಗಳನ್ನು ಒಪ್ಪುವುದಿಲ್ಲ. ಕನ್ನಡದ ಸ್ವರಚಿಹ್ನೆಗಳು, ಅನುಸ್ವಾರ, ವಿರಾಮ ಇವೆಲ್ಲ ಯೂನಿಕೋಡ್ ವರ್ಗೀಕರಣದಲ್ಲಿ ಸಂಯೋಜಕ ಚಿಹ್ನೆಗಳೇ. ಆದ್ದರಿಂದ 'ಕಡತ', 'ಗಣಕ', 'ದರ', 'ಹಣ' ಇವುಗಳಿಗೆ ಅಲ್ಲಿ ಪ್ರವೇಶವಿದೆ. 'ಖಾತೆ', 'ಬಡ್ಡಿ', 'ಸಾಲ', 'ಮೊತ್ತ' ಇವುಗಳಿಗೆ ಇಲ್ಲ. ಸಂಯೋಜಕ ಚಿಹ್ನೆಗಳಿಲ್ಲದ ಪದಗಳಷ್ಟೇ ನಾಮಗಳಾಗಬಲ್ಲ ಕನ್ನಡವೊಂದನ್ನು ಅದು ಅರಿಯದೆಯೇ ಸೃಷ್ಟಿಸಿದೆ. ಈ ನಿಯಮದಿಂದ ದೇವನಾಗರಿಯಂಥ ಬರಹಗಳು ಹೊರಗುಳಿಯುತ್ತವೆ ಎಂಬುದನ್ನು ಭಾಷೆಯ ಅಧಿಕೃತ ಪ್ರಶ್ನೋತ್ತರವೇ ಒಪ್ಪಿಕೊಂಡಿದೆ. ಇದಲ್ಲದೆ, ಗೋ ಭಾಷೆಯಲ್ಲಿ ದೊಡ್ಡಕ್ಷರದಿಂದ ಆರಂಭವಾಗುವ ಹೆಸರು ಮಾತ್ರ ಹೊರಗಿನವರಿಗೆ ಕಾಣುತ್ತದೆ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವೇ ಇಲ್ಲದ ಲಿಪಿಯಲ್ಲಿ ಬರೆದ ಹೆಸರು ರೋಮನ್ ದೊಡ್ಡಕ್ಷರವೊಂದನ್ನು ತಲೆಯ ಮೇಲೆ ಹೊರದೆ ಹೊರಗೆ ಕಾಲಿಡಲಾರದು. ರೂಪದ ನಿಯಮ ಯಾರದೋ ಲಿಪಿಯ ಗುಣವನ್ನು ಸಾರ್ವತ್ರಿಕ ವ್ಯಾಕರಣವೆಂದು ಭಾವಿಸಿದಾಗ ಹೀಗಾಗುತ್ತದೆ.

ಕನ್ನಡದಿಂದ ನಿಯಮಾವಳಿಗಳು ಕಲಿಯಬಹುದಾದದ್ದೂ ಇದೆ. ಇಂಗ್ಲಿಷ್ ಆದೇಶದಲ್ಲಿ ಕ್ರಿಯಾಪದ ಮೊದಲು. ಆದ್ದರಿಂದ ಅಕಾರಾದಿಯಾಗಿ ಜೋಡಿಸಿದಾಗ 'ಪಡೆ', 'ಲೆಕ್ಕಿಸು' ಎಂಬರ್ಥದ ಪದಗಳ ಕೆಳಗೆ ಸಂಬಂಧವಿಲ್ಲದ ನೂರು ಹೆಸರುಗಳು ಗುಂಪುಗೂಡುತ್ತವೆ. ಕನ್ನಡದಲ್ಲಿ ಕರ್ಮ ಮೊದಲು, ಕ್ರಿಯೆ ಕೊನೆ: ಬಡ್ಡಿ_ತೋರಿಸು, ಬಡ್ಡಿ_ಲೆಕ್ಕಿಸು, ಬಡ್ಡಿ_ಮನ್ನಾಮಾಡು. ಬಡ್ಡಿಗೆ ಸಂಬಂಧಿಸಿದುದೆಲ್ಲ ತಾನಾಗಿಯೇ ಒಂದೆಡೆ ಸೇರುತ್ತದೆ. ಮೇನ್‌ಫ್ರೇಮ್ ಹೆಸರುಗಳಲ್ಲಿ ವಿಭಾಗಸೂಚಿಯನ್ನು ಮೊದಲಿಗಿಟ್ಟವರು ಕೃತಕವಾಗಿ ಸಾಧಿಸಿದ್ದನ್ನು ಕ್ರಿಯಾಂತ್ಯ ಭಾಷೆಯ ಪದಕ್ರಮ ಸಹಜವಾಗಿ ಕೊಡುತ್ತದೆ.

7. ಉಪಸಂಹಾರ

ಈ ಪರಿಶೀಲನೆಯಿಂದ ನಾಲ್ಕು ಸಲಹೆಗಳು ಹೊರಡುತ್ತವೆ. ಪ್ರತಿ ಪ್ರೋಗ್ರಾಮಿಗೂ ಎರಡು ಹೆಸರುಗಳಿರಲಿ: ಎಂದೂ ಬದಲಾಗದ, ಏನನ್ನೂ ಹೇಳದ ಒಂದು ಅಂಕಿತ, ಕೆಲಸವನ್ನು ಹೇಳುವ, ಕೆಲಸ ಬದಲಾದಾಗ ಬದಲಾಗಲೇಬೇಕಾದ ಒಂದು ಅನ್ವರ್ಥ. ಇತರ ಪ್ರೋಗ್ರಾಂಗಳು ಕರೆಯುವುದು ಅಂಕಿತವನ್ನು, ಮನುಷ್ಯರು ಓದುವುದು ಅನ್ವರ್ಥವನ್ನು. ಅಕ್ಷರರೂಪದ ನಿಯಮಗಳು ಒಂದು ಪುಟವನ್ನು ಮೀರದಿರಲಿ. ಕ್ರಿಯಾಪದಗಳಿಗೂ ವಿಭಾಗದ ಲೋಕದ ನಾಮಪದಗಳಿಗೂ ವ್ಯಾಖ್ಯೆಸಹಿತವಾದ ಪಟ್ಟಿಯಿರಲಿ. ಕನ್ನಡ ಪದಗಳಿಗೆ ಅಲ್ಲಿ ಒಂದೇ ಕಾಗುಣಿತ ನಿಗದಿಯಾಗಿರಲಿ. ಪ್ರೋಗ್ರಾಮನ್ನು ತಿದ್ದಿದಾಗಲೆಲ್ಲ ಅದರ ಹೆಸರು ಈಗಲೂ ನಿಜವೇ ಎಂದು ಕೇಳುವ ಹೊಣೆ ಹೆಸರಿಸಿದ ಒಬ್ಬ ವ್ಯಕ್ತಿಯದಾಗಿರಲಿ. ಗಡಿ ದಾಟಿ ರೂಢವಾಗಿಹೋದ ಹೆಸರಿನ ಪಕ್ಕದಲ್ಲಿ, ಇದು ಈಗ ರೂಢ, ಅರ್ಥವನ್ನು ನಂಬಬೇಡಿ ಎಂಬ ಟಿಪ್ಪಣಿಯನ್ನು ಅವರೇ ಬರೆಯಲಿ.

ಎರಡು ಹೆಸರುಗಳೆಂದರೆ ನೆನಪಿಗೆ ಹೊರೆಯಲ್ಲವೇ ಎಂದು ಗೆಳೆಯರು ಕೇಳಿದರು. ಹೊರೆಯೇ. ಆದರೆ ಈಗಲೂ ಆ ವಿಭಾಗದ ಹಿರಿಯರು ಎಂಟು ಸ್ಥಾನಗಳ ಹೆಸರುಗಳ ನಿಜವಾದ ಅರ್ಥವನ್ನು ತಮ್ಮ ತಲೆಯಲ್ಲಿಯೇ ಹೊತ್ತಿದ್ದಾರೆ. ಅವರು ನಿವೃತ್ತರಾದ ದಿನ ಆ ನಿಘಂಟು ಅವರೊಂದಿಗೆ ಮನೆಗೆ ಹೋಗುತ್ತದೆ. ಅದನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು ಕೋಶಕಾರನ ಕೆಲಸ, ಆದ್ದರಿಂದ ನಮ್ಮ ಶಿಸ್ತಿನ ಕೆಲಸವೂ ಹೌದು. ಗೆಳೆಯರಿಗೆ ಕರಡನ್ನು ಹಿಂತಿರುಗಿಸುವಾಗ ಹನ್ನೊಂದು ಪುಟಗಳಲ್ಲಿ ನಾನು ಏನನ್ನೂ ತಿದ್ದಲಿಲ್ಲ. 'ಹೆಸರು ಅರ್ಥಪೂರ್ಣವಾಗಿರತಕ್ಕದ್ದು' ಎಂಬ ವಾಕ್ಯದ ಕೆಳಗೆ ಗೆರೆ ಎಳೆದು, ಯಾರಿಗೆ, ಎಲ್ಲಿಯವರೆಗೆ, ಯಾರ ಹೊಣೆಯಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಬರೆದೆ.